ಕಠ್ಮಂಡುವಿನ ಲಿವರ್ ರೈಫಲೂ ನಮ್ಮ ಅಟ್ಟದ ಕೋವಿಯೂ

ಮಲೆನಾಡು ಮತ್ತು ಕೊಡಗಿನ ತೋಟದ ಮನೆಗಳಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿ, ಕಾಫಿ ಪಲ್ಪರು, ಮೆಣಸು ಕೊಯ್ಯುವ ಏಣಿ ಇವುಗಳ ಸಾಲಿನಲ್ಲಿ ಒಂದು ಕೋವಿಗೂ ಸ್ಥಾನವಿದೆ. ಅಜ್ಜನ ಕಾಲದ ಕೇಪಿನ ಕೋವಿಯೋ, ದೊರೆಗಳು ಊರು ಬಿಡುವಾಗ ಬಿಟ್ಟುಹೋದ ಜೋಡುನಳಿಗೆಯೋ, ಅಂತೂ ಏನಾದರೊಂದು ಗೂಟಕ್ಕೆ ನೇತುಬಿದ್ದಿರುತ್ತದೆ. ಅದನ್ನು ಬಳಸುವವರು ಕಡಿಮೆ, ಒರೆಸುವವರು ಇನ್ನೂ ಕಡಿಮೆ. ಲೈಸೆನ್ಸ್ ನವೀಕರಣದ ಕಾಲ ಬಂದಾಗ ಅಥವಾ ಮನೆಯ ಹಿರಿಯರು ತೀರಿಕೊಂಡಾಗ ಮಾತ್ರ, "ಈ ಕೋವಿಯನ್ನು ಏನು ಮಾಡುವುದು? ರಿಪೇರಿಯಾದೀತೆ? ಹೊಡೆದರೆ ಸಿಡಿದೀತೆ? ಠಾಣೆಗೆ ಒಪ್ಪಿಸಿಬಿಡುವುದೇ?" ಎಂಬ ಪ್ರಶ್ನೆಗಳು ಸಂಘದ ಕಛೇರಿಯವರೆಗೂ ಬರುತ್ತವೆ. ಈ ಪ್ರಶ್ನೆಗಳಿಗೆ ಉತ್ತರ ಹುಡುಕುವವರಿಗೆ ಒಂದು ಹಳೆಯ ಲಿವರ್ ರೈಫಲಿನ ಕಥೆ ಬಹಳ ಉಪಯುಕ್ತವಾಗಿದೆ. ಅದು ಇಂಗ್ಲೆಂಡಿನಲ್ಲಿ ಹುಟ್ಟಿ, ನೇಪಾಳದ ಅರಮನೆಯಲ್ಲಿ ಮಣ್ಣು ತಿಂದು, ಅಮೆರಿಕದಲ್ಲಿ ಮರುಜನ್ಮ ಪಡೆದ ಮಾರ್ಟಿನಿ-ಹೆನ್ರಿ.

ಲಿವರ್ ರೈಫಲ್ ಎಂದರೇನು?

ಟ್ರಿಗರಿನ ಕೆಳಗಿರುವ ಕಬ್ಬಿಣದ ಹಿಡಿಯನ್ನು ಕೆಳಕ್ಕೆ ಒತ್ತಿ ಮೇಲಕ್ಕೆಳೆದು ತೋಟಾ ತುಂಬುವ ಕೋವಿಗೆ ಲಿವರ್ ಕೋವಿ ಎಂದು ಹೆಸರು. ಇದರಲ್ಲಿ ಎರಡು ಜಾತಿ. ಮೊದಲನೆಯದು ಅಮೆರಿಕದ ವಿಂಚೆಸ್ಟರಿನಂತಹುದು. ನಳಿಗೆಯ ಕೆಳಗಿನ ಕೊಳವೆಯಲ್ಲಿ ಹತ್ತಾರು ತೋಟಾಗಳನ್ನು ತುಂಬಿಟ್ಟು, ಲಿವರ್ ಆಡಿಸುತ್ತ ಒಂದರ ಹಿಂದೊಂದು ಈಡು ಹೊಡೆಯಬಹುದು. 1873ರ ಮಾದರಿಯ ವಿಂಚೆಸ್ಟರ್ ಇದರಲ್ಲಿ ಪ್ರಸಿದ್ಧ. ಅದರ ತೋಟಾಕ್ಕೆ 40 ಗ್ರೇನ್ ಕರಿಮದ್ದು, 200 ಗ್ರೇನ್ ಸೀಸದ ಗುಂಡು. ಎರಡನೆಯದು ಒಂದು ಸಲಕ್ಕೆ ಒಂದೇ ತೋಟಾ ತುಂಬುವ ಮಾರ್ಟಿನಿ. ವೇಗದಲ್ಲಿ ಮೊದಲನೆಯದು ಮುಂದು, ದೂರ ಮತ್ತು ಪೆಟ್ಟಿನಲ್ಲಿ ಎರಡನೆಯದು ಮುಂದು. 1877ರ ಪ್ಲೆವ್ನಾ ಮುತ್ತಿಗೆಯಲ್ಲಿ ತುರ್ಕಿ ಸೈನಿಕರು ಎರಡನ್ನೂ ಬಳಸಿದರು. ರಷ್ಯನ್ನರು ದೂರದಲ್ಲಿರುವಾಗ ಪೀಬಾಡಿ-ಮಾರ್ಟಿನಿ, ಹತ್ತಿರ ಬಂದಾಗ ವಿಂಚೆಸ್ಟರ್. ಈ ಒಂದು ಕಾಳಗವೇ ಎರಡು ಜಾತಿಗಳ ವ್ಯತ್ಯಾಸವನ್ನು ತಿಳಿಸುತ್ತದೆ.

ಮಾರ್ಟಿನಿ-ಹೆನ್ರಿಯು ಮೂವರ ಕೈಕೆಲಸ. ಅಮೆರಿಕದ ಹೆನ್ರಿ ಪೀಬಾಡಿ 1862ರಲ್ಲಿ ಲಿವರಿನಿಂದ ಬೀಳುವ ಬ್ಲಾಕಿಗೆ ಪೇಟೆಂಟ್ ಪಡೆದ. ಅದರಲ್ಲಿ ಕುದುರೆ ಹೊರಗಿತ್ತು. ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ್ದ ಫ್ರೆಡ್ರಿಕ್ ಫಾನ್ ಮಾರ್ಟಿನಿ ಎಂಬ ಇಂಜಿನಿಯರ್ ಆ ಕುದುರೆಯನ್ನು ತೆಗೆದುಹಾಕಿ, ಬ್ಲಾಕಿನ ಒಳಗೇ ಸುರುಳಿ ಸ್ಪ್ರಿಂಗು ಮತ್ತು ಮೊಳೆಯನ್ನಿಟ್ಟ. ಎಡಿನ್‌ಬರೋದ ಅಲೆಕ್ಸಾಂಡರ್ ಹೆನ್ರಿ ಏಳು ಗಾಡಿಗಳ ನಳಿಗೆಯನ್ನು ಒದಗಿಸಿದ. ಗುಂಡು 22 ಅಂಗುಲಕ್ಕೆ ಒಂದು ಸುತ್ತು ತಿರುಗುವಂತೆ ಆ ಗಾಡಿಗಳನ್ನು ಕೊರೆಯಲಾಗಿತ್ತು. 1871ರಲ್ಲಿ ಬ್ರಿಟಿಷ್ ಸೇನೆ ಇದನ್ನು ಅಂಗೀಕರಿಸಿತು. ಉದ್ದ ಸುಮಾರು 49 ಅಂಗುಲ, ತೂಕ ಸುಮಾರು 4 ಕಿಲೋ. ತೋಟಾದಲ್ಲಿ 85 ಗ್ರೇನ್, ಅಂದರೆ ಸುಮಾರು ಐದೂವರೆ ಗ್ರಾಂ ಕರಿಮದ್ದು. ಗುಂಡು 480 ಗ್ರೇನ್, ಅಂದರೆ 31 ಗ್ರಾಂ. ಈಗಿನ ಸೈನಿಕ ರೈಫಲಿನ ಗುಂಡು ಇದರ ಮೂರನೆಯ ಒಂದು ಪಾಲೂ ತೂಗದು. ಭುಜಕ್ಕೆ ಬೀಳುವ ಗುದ್ದು ಎಷ್ಟೆಂದು ಊಹಿಸಿಕೊಳ್ಳಬಹುದು.

ಯಂತ್ರವಂತೂ ಅತಿ ಸರಳ. ಲಿವರ್ ಒತ್ತಿದರೆ ಬ್ಲಾಕಿನ ಮುಂತುದಿ ಕೆಳಗಿಳಿಯುತ್ತದೆ, ಖಾಲಿ ತೋಟಾ ಹೊರಬರುತ್ತದೆ, ಅದೇ ಚಲನೆಯಲ್ಲಿ ಸ್ಪ್ರಿಂಗು ಬಿಗಿಯುತ್ತದೆ. ತೋಟಾ ಇಟ್ಟು ಲಿವರ್ ಮೇಲೆತ್ತಿದರೆ ಈಡಿಗೆ ಸಿದ್ಧ. ಬಲಮಗ್ಗುಲಲ್ಲಿರುವ ಹನಿಯಾಕಾರದ ಚಿಕ್ಕ ಮುಳ್ಳು ಕೋವಿ ಬಿಗಿದಿದೆಯೋ ಇಲ್ಲವೋ ಎಂಬುದನ್ನು ತೋರಿಸುತ್ತದೆ. 1879ರ ಜನವರಿ 22 ಮತ್ತು 23ರಂದು ದಕ್ಷಿಣ ಆಫ್ರಿಕದ ರೋರ್ಕ್ಸ್ ಡ್ರಿಫ್ಟಿನಲ್ಲಿ ಸುಮಾರು 150 ಜನ ಸಾವಿರಾರು ಜೂಲು ಯೋಧರನ್ನು ತಡೆದು ನಿಂತದ್ದು ಇದೇ ಕೋವಿಯಿಂದ. ಆದರೆ ದೋಷವಿಲ್ಲದ ಯಂತ್ರ ಯಾವುದೂ ಇಲ್ಲ. ಮೊದಲಿನ ತೋಟಾಗಳನ್ನು ತೆಳು ಹಿತ್ತಾಳೆ ತಗಡನ್ನು ಸುತ್ತಿ ಮಾಡುತ್ತಿದ್ದರು. ನಳಿಗೆ ಕಾದು ಮಸಿ ಕಟ್ಟಿದಾಗ ಅವು ಒಳಗೇ ಕಚ್ಚಿಕೊಂಡು ಹರಿಯುತ್ತಿದ್ದವು. ಮುಂದೆ ಗಟ್ಟಿ ಹಿತ್ತಾಳೆಯ ತೋಟಾ ಬಂದಿತು. 1888ರಲ್ಲಿ ಲೀ-ಮೆಟ್‌ಫರ್ಡ್ ಬಂದಾಗ ಮಾರ್ಟಿನಿಯು ಸೇನೆಯ ಮುಂಚೂಣಿಯಿಂದ ಹಿಂದೆ ಸರಿಯಿತು.

ನಮ್ಮ ದೇಶದಲ್ಲಿ ಇದರ ನೆರಳು

1857ರ ನಂತರ ಆಂಗ್ಲರು ಭಾರತೀಯ ಸೈನಿಕರ ಕೈಗೆ ತಮ್ಮ ಸೈನಿಕರಿಗಿಂತ ಒಂದು ತಲೆಮಾರು ಹಿಂದಿನ ಆಯುಧವನ್ನೇ ಕೊಡುತ್ತಿದ್ದರು. 1880ರ ಜುಲೈ 27ರಂದು ಆಫ್ಘಾನಿಸ್ತಾನದ ಮೈವಂದ್ ಕಾಳಗದಲ್ಲಿ ಗೋರಾ ಪಲ್ಟನ್ನಿಗೆ ಮಾರ್ಟಿನಿ ಇದ್ದರೆ, ಪಕ್ಕದಲ್ಲೇ ಕಾದಾಡಿದ ಮುಂಬಯಿಯ ಪಲ್ಟನ್ನುಗಳಿಗೆ ಹಳೆಯ ಸ್ನೈಡರ್ ಇತ್ತು.

ಶಿಕಾರಿ ಕೋವಿಗಳ ಇತಿಹಾಸದಲ್ಲೂ ಮಾರ್ಟಿನಿ ಒಂದು ಗುರುತು ಬಿಟ್ಟಿದೆ. ಇದರ ನಳಿಗೆ .450 ಅಳತೆಯದು. ದಂಗೆಕೋರರ ಕೈಗೆ ಆ ಅಳತೆಯ ಗುಂಡು ಸಿಕ್ಕಿದರೆ ಕದ್ದ ಮಾರ್ಟಿನಿಗಳಿಗೆ ಆಹಾರವಾದೀತೆಂಬ ಭಯದಿಂದ ಸರ್ಕಾರವು ಸುಮಾರು 1907ರಲ್ಲಿ .450 ಅಳತೆಯ ಶಿಕಾರಿ ರೈಫಲುಗಳನ್ನು ಇಂಡಿಯಾಕ್ಕೆ ತರುವುದನ್ನು ನಿಷೇಧಿಸಿತು. ಲಂಡನ್ನಿನ ಕೋವಿ ತಯಾರಕರು ಆಗ .465, .470, .475 ಎಂಬ ಹೊಸ ಅಳತೆಗಳನ್ನು ಹೊರತಂದರು. ಹಳೆಯ ಶಿಕಾರಿಗಳ ಬಾಯಲ್ಲಿ ಕೇಳಿಬರುತ್ತಿದ್ದ "ಫೋರ್ ಸೆವೆಂಟಿ"ಯ ಹುಟ್ಟಿಗೆ ಕಾರಣ ಈ ನಿಷೇಧವೇ.

ಅರಮನೆಯ ಉಗ್ರಾಣದಲ್ಲಿ ಸಿಕ್ಕ ನಿಧಿ

ನೇಪಾಳದ ರಾಣಾ ಪ್ರಧಾನಿಗಳು ಆಂಗ್ಲರಿಂದ ಪಡೆದ ಮತ್ತು ತಮ್ಮಲ್ಲೇ ಮಾಡಿಸಿದ ಕೋವಿಗಳನ್ನು ಕಠ್ಮಂಡುವಿನ ಲಗನ್ ಸಿಲೇಖಾನಾ ಎಂಬ ಹಳೆಯ ಅರಮನೆಯಲ್ಲಿ ಪೇರಿಸಿಟ್ಟಿದ್ದರು. ಬ್ರೌನ್ ಬೆಸ್, ಬ್ರನ್ಸ್‌ವಿಕ್, ಸ್ನೈಡರ್, ಮಾರ್ಟಿನಿ ಹೀಗೆ ಒಂದೂವರೆ ಶತಮಾನದ ಆಯುಧಗಳು ಅಲ್ಲಿದ್ದವು. ಮಾಡು ಸೋರಿ, ಹಲಗೆ ಕುಸಿದು, ಕೋವಿಗಳ ಮೇಲೆ ಮಣ್ಣು ಮತ್ತು ಗ್ರೀಸು ಕಲ್ಲಿನಂತೆ ಗಟ್ಟಿಯಾಗಿತ್ತು. ಅಮೆರಿಕದ ಎರಡು ವ್ಯಾಪಾರ ಸಂಸ್ಥೆಗಳು ನೇಪಾಳದೊಡನೆ ವರ್ಷಗಟ್ಟಲೆ ಮಾತುಕತೆ ನಡೆಸಿ 2003ರಲ್ಲಿ ಈ ದಾಸ್ತಾನನ್ನು ಕೊಂಡವು. ಹತ್ತಾರು ಸಾವಿರ ಕೋವಿಗಳು ಹಡಗೇರಿದವು. ತೊಳೆಯದ ಸ್ಥಿತಿಯಲ್ಲೇ ಒಂದೊಂದಾಗಿ ಹವ್ಯಾಸಿಗಳಿಗೆ ಮಾರಾಟವಾದವು. ಕೈಯಲ್ಲಿ ಹಣವಿಲ್ಲದ ಸಾಮಾನ್ಯ ನೌಕರನೂ ಒಂದು ಮಾರ್ಟಿನಿಯನ್ನು ಮನೆಗೆ ತಂದು, ಅಡಿಗೆಮನೆಯ ಮೇಜಿನ ಮೇಲೆ ತೊಳೆದು, ಸರಿಪಡಿಸಿ, ಕರಿಮದ್ದಿನಿಂದ ಗುರಿ ಹೊಡೆಯುವ ಹವ್ಯಾಸ ಹೀಗೆ ಹಬ್ಬಿತು.

ಕೊಳ್ಳುವಾಗ ಅವರು ನೋಡುವುದೇನು? ಅಸಲಿ ಮಾರ್ಟಿನಿಯ ಬಲಮಗ್ಗುಲಲ್ಲಿ ಕಿರೀಟ, ಅದರ ಕೆಳಗೆ ವಿಕ್ಟೋರಿಯಾ ರಾಣಿಯ "ವಿ.ಆರ್." ಅಕ್ಷರಗಳು, ಕಾರ್ಖಾನೆಯ ಹೆಸರು, ಇಸವಿ ಮತ್ತು ಮಾದರಿಯ ಸಂಖ್ಯೆ ಇರುತ್ತವೆ. ಖೈಬರ್ ಕಣಿವೆಯ ಕಮ್ಮಾರರು ಈ ಮುದ್ರೆಗಳನ್ನೂ ನಕಲು ಮಾಡಿದ್ದಾರೆ. 2001ರ ನಂತರ ಆಫ್ಘಾನಿಸ್ತಾನಕ್ಕೆ ಹೋದ ಅನೇಕ ಸೈನಿಕರು ಇಂಥವನ್ನು ಕೊಂಡು ಮೋಸಹೋದರು. ತಲೆಕೆಳಗಾದ ಅಕ್ಷರ, ತಪ್ಪಾದ ಕಾಗುಣಿತ, ರಾಣಿ ತೀರಿಕೊಂಡ 1901ರ ನಂತರದ ಇಸವಿಯ ಜೊತೆಗೂ "ವಿ.ಆರ್." ಮುದ್ರೆ, ಇವು ನಕಲಿಯ ಲಕ್ಷಣಗಳು. ಇಂಥ ಕೋವಿಯ ಉಕ್ಕನ್ನು ಎಂದಿಗೂ ನಂಬಬಾರದು. ನೇಪಾಳದಲ್ಲೇ ಕೈಯಿಂದ ಮಾಡಿದ ಗಹೇಂದ್ರ ಮಾದರಿಯ ರೈಫಲು ನಕಲಿಯಲ್ಲ, ಒಳ್ಳೆಯ ಕರಕುಶಲವೇ. ಆದರೆ ಅದರ ಲೋಹ ಒಂದೇ ಸಮನಾಗಿಲ್ಲವಾದ್ದರಿಂದ ಗೋಡೆಗೆ ಶೋಭೆಯಾಗಿ ಇರಲಿ, ಈಡು ಹೊಡೆಯುವುದು ಬೇಡ ಎಂದು ಅನೇಕ ಬಲ್ಲವರು ಹೇಳುತ್ತಾರೆ.

ಕಾನೂನಿನ ದೃಷ್ಟಿಯೂ ಒಂದೊಂದು ದೇಶದಲ್ಲಿ ಒಂದೊಂದು ಬಗೆ. ಅಮೆರಿಕದ 1968ರ ಕಾಯಿದೆಯಂತೆ 1898 ಅಥವಾ ಅದಕ್ಕೂ ಹಿಂದೆ ತಯಾರಾದ ಕೋವಿ ಪುರಾತನ ವಸ್ತು. ಅದಕ್ಕೆ ಅಲ್ಲಿನ ಕೇಂದ್ರ ಸರ್ಕಾರದ ಕಾಗದಪತ್ರ ಬೇಡ. ಬ್ರಿಟನ್ನಿನಲ್ಲಿ ಇಂಥ ಹಳೆಯ ಕೋವಿಯನ್ನು ಅಲಂಕಾರಕ್ಕೆ ಇಟ್ಟುಕೊಳ್ಳಲು ಪರವಾನಗಿ ಬೇಡ, ಆದರೆ ಹೊಡೆಯುವ ಉದ್ದೇಶವಿದ್ದರೆ ಬೇಕೇ ಬೇಕು. ನಮ್ಮ ದೇಶದ ವಿಷಯವನ್ನು ಮುಂದೆ ನೋಡೋಣ.

ಪುನರುಜ್ಜೀವನದ ಕ್ರಮ

ಹವ್ಯಾಸಿಗಳು ಅನುಸರಿಸುವ ಕ್ರಮದಲ್ಲಿ ಅವಸರಕ್ಕೆ ಎಡೆಯಿಲ್ಲ. ಮೊದಲ ಕೆಲಸ, ಒಳಗೆ ತೋಟಾ ಇಲ್ಲವೆಂಬುದನ್ನು ಕಣ್ಣಾರೆ ಕಾಣುವುದು. ಆಮೇಲೆ ಗಟ್ಟಿಯಾದ ಗ್ರೀಸನ್ನು ಸೀಮೆಎಣ್ಣೆ ಅಥವಾ ಟರ್ಪೆಂಟೈನಿನಲ್ಲಿ ನೆನೆಸಿ, ಮರದ ಚಕ್ಕೆಯಿಂದ ಕೆರೆದು ತೆಗೆಯುತ್ತಾರೆ. ಕಬ್ಬಿಣದ ಉಳಿ ಬಳಸಿದರೆ ಮುದ್ರೆಗಳೇ ಹೋಗಿಬಿಡುತ್ತವೆ. ಬ್ಲಾಕನ್ನು ಹಿಡಿದಿಟ್ಟ ಸೀಳುಪಿನ್ನನ್ನು ಹಿತ್ತಾಳೆ ಮೊಳೆಯಿಂದ ಮೆಲ್ಲಗೆ ಹೊಡೆದು ಹೊರತೆಗೆದರೆ ಇಡೀ ಯಂತ್ರ ಕೈಗೆ ಬರುತ್ತದೆ. ತುಕ್ಕು ಕಚ್ಚಿದ ತಿರುಪನ್ನು ಬಲವಂತದಿಂದ ತಿರುಗಿಸದೆ ದಿನಗಟ್ಟಲೆ ಎಣ್ಣೆ ಕುಡಿಸುತ್ತಾರೆ. ತಿರುಪಿನ ಗಾಡಿಗೆ ಸರಿಯಾಗಿ ಕೂರುವಂತೆ ಅರೆದ ಸ್ಕ್ರೂಡ್ರೈವರನ್ನೇ ಹಿಡಿಯುತ್ತಾರೆ. ತಲೆ ಸವೆದ ತಿರುಪು ಕೆಟ್ಟ ಕೈಕೆಲಸದ ಮೊದಲ ಸಾಕ್ಷಿ.

ತುಕ್ಕಿನ ವಿಷಯದಲ್ಲಿ ಒಂದು ತತ್ವವನ್ನು ನಾವೂ ನೆನಪಿಡಬೇಕು. ಕೆಂಪು ತುಕ್ಕು ಕಬ್ಬಿಣವನ್ನು ತಿನ್ನುತ್ತದೆ, ಕಪ್ಪು ತುಕ್ಕು ಕಾಯುತ್ತದೆ. ಬಿಡಿಭಾಗವನ್ನು ಶುದ್ಧ ನೀರಿನಲ್ಲಿ ಕುದಿಸಿದರೆ ಕೆಂಪು ತುಕ್ಕು ಕಪ್ಪಾಗುತ್ತದೆ. ಅದರ ಪುಡಿಯನ್ನು ನವಿರಾದ ಬ್ರಷ್ಷಿನಿಂದ ಒರೆಸಿ ಎಣ್ಣೆ ಹಚ್ಚಿದರೆ ಹಳೆಯ ಗಂಭೀರ ಬಣ್ಣ ಉಳಿಯುತ್ತದೆ. ಮರಳು ಕಾಗದ ಹಾಕಿ ಉಜ್ಜಿ, ಯಂತ್ರದಲ್ಲಿ ಮಿರುಗು ಕೊಟ್ಟು, ಹೊಸ ನೀಲಿ ಬಣ್ಣ ಹಾಕಿಸಿದ ಕೋವಿಗೆ ಬಲ್ಲವರ ಬಳಿ ಬೆಲೆಯಿಲ್ಲ. ಅಕ್ಷರಗಳ ಅಂಚು ಸವೆದಿರುತ್ತದೆ, ಚರಿತ್ರೆಯೂ ಸವೆದಿರುತ್ತದೆ.

ಮರದ ಭಾಗ ವಾಲ್‌ನಟ್ಟಿನದು. ಅದು ನೂರು ವರ್ಷ ಕುಡಿದ ಎಣ್ಣೆಯನ್ನು ಸೀಮೆಸುಣ್ಣದ ಹಿಟ್ಟು ಮೆತ್ತಿ, ಬಿಸಿಲಿನ ಕಾವು ತೋರಿಸಿ ಹೀರಿಸುತ್ತಾರೆ. ಹಿಟ್ಟು ಕಂದಾದಂತೆಲ್ಲ ಬದಲಿಸುತ್ತಾರೆ. ಬಿರುಕಿಗೆ ಅಂಟು ತುಂಬಿ ಬಿಗಿದು ಕಟ್ಟುತ್ತಾರೆ. ಕೊನೆಗೆ ಅಗಸೆ ಎಣ್ಣೆಯನ್ನು ಅಂಗೈಯಿಂದ ತಿಕ್ಕಿ, ಒಣಗಿಸಿ, ಮತ್ತೆ ತಿಕ್ಕುತ್ತಾರೆ. ವಾರಗಟ್ಟಲೆ ಹಿಡಿಯುವ ಕೆಲಸ. ವಾರ್ನಿಷ್ ಬಳಿದು ಒಂದೇ ದಿನದಲ್ಲಿ ಮುಗಿಸುವವರೂ ಇದ್ದಾರೆ, ಆದರೆ ಅಂಥ ಕೋವಿ ಹೊಸ ಪೀಠೋಪಕರಣದಂತೆ ಕಾಣುತ್ತದೆಯೇ ಹೊರತು ಹಳೆಯ ಕೋವಿಯಂತಲ್ಲ.

ಹೊಡೆಯುವ ಮುನ್ನ ಅಳತೆ ಬೇಕು. ಮೆತ್ತನೆಯ ಸೀಸದ ಉಂಡೆಯನ್ನು ಎಣ್ಣೆ ಹಚ್ಚಿದ ನಳಿಗೆಯಲ್ಲಿ ತಳ್ಳಿ ಹೊರತೆಗೆದು ಮೈಕ್ರೋಮೀಟರಿನಿಂದ ಅಳೆಯುತ್ತಾರೆ. ಹೆಸರಿಗೆ .450 ಎಂದಿದ್ದರೂ ಗಾಡಿಯ ತಳದ ಅಳತೆ .460ಕ್ಕಿಂತ ಹೆಚ್ಚಿರುವುದೇ ವಾಡಿಕೆ. ಗುಂಡನ್ನು ಅದಕ್ಕೆ ತಕ್ಕಂತೆ ಎರಕ ಹೊಯ್ಯಬೇಕು. ತೋಟಾ ಕೂರುವ ಕೋಣೆಯ ಅಚ್ಚನ್ನು ಕುದಿಯುವ ನೀರಿಗಿಂತ ಕಡಿಮೆ ಉಷ್ಣದಲ್ಲಿ ಕರಗುವ ಮಿಶ್ರಲೋಹದಿಂದ ತೆಗೆಯುತ್ತಾರೆ. ನಳಿಗೆಯೊಳಗೆ ಕಪ್ಪು ಕಲೆಗಳಿದ್ದರೆ ಚಿಂತೆಯಿಲ್ಲ, ಗಾಡಿಗಳ ಅಂಚು ಗಟ್ಟಿಯಾಗಿದ್ದರೆ ಗುರಿ ತಪ್ಪದು. ಆದರೆ ಉಬ್ಬು, ಬಿರುಕು ಅಥವಾ ಸಡಿಲವಾಗಿ ಕೂರುವ ಬ್ಲಾಕು ಕಂಡರೆ ಆ ಕೋವಿಗೆ ನಿವೃತ್ತಿಯೇ ಸರಿ. ಎಲ್ಲವೂ ಸರಿಯೆಂದು ಕೋವಿ ತಜ್ಞರು ಹೇಳಿದ ಮೇಲೂ ಮೊದಲ ಈಡನ್ನು ಭುಜಕ್ಕಿಟ್ಟು ಹೊಡೆಯುವುದಿಲ್ಲ. ಹಳೆಯ ಟಯರಿಗೆ ಕಟ್ಟಿ, ಉದ್ದ ಹುರಿಯಿಂದ ದೂರನಿಂತು ಎಳೆಯುತ್ತಾರೆ.

ಕರಿಮದ್ದಿನ ಗುಣ

ಇಂಥ ಕೋವಿಗೆ ಕರಿಮದ್ದು ಮಾತ್ರವೇ ಸಲ್ಲುತ್ತದೆ. ಇದು ಹಟದ ಮಾತಲ್ಲ, ವಿಜ್ಞಾನದ ಮಾತು. ಪೆಟ್ಲುಪ್ಪು, ಗಂಧಕ, ಇದ್ದಿಲುಗಳಿಂದಾದ ಕರಿಮದ್ದು ಒತ್ತಡ ಏರಿದರೂ ತನ್ನ ಉರಿಯುವ ವೇಗವನ್ನು ಬಹಳವಾಗಿ ಏರಿಸಿಕೊಳ್ಳುವುದಿಲ್ಲ. ಈಗಿನ ಹೊಗೆಯಿಲ್ಲದ ಮದ್ದು ಹಾಗಲ್ಲ. ಒತ್ತಡ ಏರಿದಂತೆ ಅದರ ಉರಿ ಇನ್ನೂ ಚುರುಕಾಗಿ, ಆ ಉರಿಯಿಂದ ಒತ್ತಡ ಮತ್ತೂ ಏರುತ್ತದೆ. ಕರಿಮದ್ದಿಗಾಗಿ ಮಾಡಿದ ನಳಿಗೆಯಲ್ಲಿ ಅದನ್ನು ಅದೇ ಅಳತೆಗೆ ತುಂಬಿದರೆ ನಳಿಗೆ ಸೀಳಿ ಕೈ, ಕಣ್ಣು ಹೋಗುತ್ತವೆ. ಕರಿಮದ್ದಿಗೂ ಒಂದು ನಿಯಮವುಂಟು. ಮದ್ದಿಗೂ ಗುಂಡಿಗೂ ನಡುವೆ ಗಾಳಿಯ ಎಡೆ ಇರಕೂಡದು, ಇದ್ದರೆ ನಳಿಗೆ ಉಬ್ಬುವ ಅಪಾಯ. ಮಾರ್ಟಿನಿಯ ಸೀಸೆಯಾಕಾರದ ದೊಡ್ಡ ತೋಟಾದಲ್ಲಿ ಮದ್ದು ಕಡಿಮೆ ಹಾಕುವವರು ಉಳಿದ ಎಡೆಗೆ ಕೆಪಾಕ್, ಅಂದರೆ ಬಿಳಿ ಬೂರುಗದ ಅರಳೆಯನ್ನು ತುರುಕುತ್ತಾರೆ. ತೋಟಾ ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ 24 ಬೋರಿನ ಹಿತ್ತಾಳೆ ತೋಟಾವನ್ನು ಅಚ್ಚಿನಲ್ಲಿ ಒತ್ತಿ ಮಾರ್ಟಿನಿಯ ಆಕಾರಕ್ಕೆ ತರುವುದೂ ಒಂದು ಕಲೆಯಾಗಿ ಬೆಳೆದಿದೆ.

ಈಡಾದ ಮೇಲೆ ಉಳಿಯುವ ಮಸಿಯೇ ಹಳೆಯ ಕೋವಿಗಳ ಮೃತ್ಯು. ಕರಿಮದ್ದಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆ ಮತ್ತು ಮಸಿಯ ರೂಪದಲ್ಲಿ ಘನವಾಗಿ ಉಳಿಯುತ್ತದೆ. ಅದರಲ್ಲಿ ಪೊಟ್ಯಾಸಿಯಂ ಲವಣಗಳಿವೆ, ಅವು ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಹಳೆಯ ಕೇಪುಗಳಲ್ಲಿದ್ದ ಕ್ಲೋರೇಟ್ ಉರಿದಾಗ ಅಡಿಗೆ ಉಪ್ಪಿನ ಜಾತಿಯದೇ ಒಂದು ಉಪ್ಪು ನಳಿಗೆಯೊಳಗೆ ಕೂರುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಆದುದರಿಂದ ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿ, ಮೇಲೆ ಕೊಬ್ಬರಿ ಎಣ್ಣೆ ಹಚ್ಚಿಟ್ಟರೆ ಉಪ್ಪು ಎಣ್ಣೆಯ ಕೆಳಗೆ ಭದ್ರವಾಗಿ ಕುಳಿತು ಕಬ್ಬಿಣ ತಿನ್ನುತ್ತಿರುತ್ತದೆ. ಸರಿಯಾದ ವಿಧಾನ ಬಹು ಅಗ್ಗದ್ದು. ಅದೇ ದಿನ, ಸಾಬೂನು ಬೆರೆಸಿದ ಬಿಸಿನೀರಿನಿಂದ ನೀರು ತಿಳಿಯಾಗುವವರೆಗೂ ತೊಳೆಯುವುದು, ಕೊನೆಗೆ ಕುದಿನೀರು ಹೊಯ್ಯುವುದು, ನಳಿಗೆಯ ಬಿಸಿಗೇ ತೇವವೆಲ್ಲ ಆರುತ್ತದೆ. ಆಮೇಲೆ ಒಣಬಟ್ಟೆ, ಆಮೇಲೆ ಯಂತ್ರದ ಎಣ್ಣೆ. ಮಾರನೆಯ ದಿನ ಇನ್ನೊಮ್ಮೆ ಬಟ್ಟೆಯಾಡಿಸಿ ನೋಡುವುದು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುವ ನಮ್ಮ ಸೀಮೆಯಲ್ಲಿ ಇದಕ್ಕೆ ಇನ್ನೂ ಹೆಚ್ಚಿನ ಮಹತ್ವ. ಕೋವಿಯನ್ನು ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿ ಮಳೆಗಾಲವಿಡೀ ಮುಚ್ಚಿಡಕೂಡದು, ಚೀಲ ತೇವ ಹಿಡಿದು ತುಕ್ಕು ತರುತ್ತದೆ. ಗಾಳಿಯಾಡುವ ಬೀಗದ ಕಪಾಟೇ ಲೇಸು.

ನಮ್ಮ ಮನೆಯ ಕೋವಿಗೆ ಇದರಿಂದ ಬರುವ ಪಾಠ

ಮಾರ್ಟಿನಿಯನ್ನು ನಮ್ಮ ಸದಸ್ಯರು ತರಿಸಿಕೊಳ್ಳುವುದು ಆಗದ ಮಾತು. ಆದರೆ ಮೇಲಿನ ಪ್ರತಿಯೊಂದು ಮಾತೂ ಮನೆಯಲ್ಲಿರುವ ಕೇಪಿನ ಕೋವಿಗೂ ಅನ್ವಯಿಸುತ್ತದೆ.

ಮೊದಲನೆಯದಾಗಿ, ಗೂಟಕ್ಕೆ ನೇತುಹಾಕಿದ ಕೇಪಿನ ಕೋವಿ ಖಾಲಿಯೆಂದು ನಂಬಬೇಡಿ. ಹಂದಿಗೆಂದು ಅಜ್ಜ ತುಂಬಿಟ್ಟ ಈಡು ಮೊಮ್ಮಗನ ಕಾಲದವರೆಗೂ ಒಳಗೇ ಇರುವುದುಂಟು. ಒಣಗಿರುವ ಕರಿಮದ್ದು ಎಷ್ಟು ವರ್ಷವಾದರೂ ಶಕ್ತಿ ಕಳೆದುಕೊಳ್ಳುವುದಿಲ್ಲ. ಪರೀಕ್ಷೆ ಸುಲಭ. ನಳಿಗೆಯ ಬಾಯಿಯನ್ನು ಯಾರ ಕಡೆಗೂ ತಿರುಗಿಸದೆ, ಬಾಯಿಗೆ ನಿಮ್ಮ ಮುಖವನ್ನೂ ಅಡ್ಡ ತಾರದೆ, ಗಜವನ್ನು ನಳಿಗೆಯೊಳಗೆ ಮೆಲ್ಲಗೆ ಇಳಿಬಿಡಿ. ಅದು ನಿಂತಾಗ ಬಾಯಿಯ ಮಟ್ಟಕ್ಕೆ ಗುರುತು ಹಾಕಿ. ಹೊರತೆಗೆದು ನಳಿಗೆಯ ಮಗ್ಗುಲಿಗೇ ಹಿಡಿಯಿರಿ. ಗಜದ ತುದಿ ಕೇಪು ಕೂರುವ ಮೊಲೆಯವರೆಗೆ ತಲಪಿದರೆ ಕೋವಿ ಖಾಲಿ. ಒಂದೆರಡು ಅಂಗುಲ ಮೊದಲೇ ನಿಂತರೆ ಒಳಗೆ ಈಡು ಇದೆಯೆಂದೇ ತಿಳಿಯಿರಿ. ಅದನ್ನು ಕೊರೆದು, ಕಾಯಿಸಿ ಅಥವಾ ಹೊಡೆದು ತೆಗೆಯುವ ಸಾಹಸ ಬೇಡ. ನೀರು ಹೊಯ್ದರೂ ನಾರಿನ ಬಿರಡೆ ಅದನ್ನು ಮದ್ದಿನವರೆಗೆ ಬಿಡದಿರಬಹುದು. ಲೈಸೆನ್ಸುಳ್ಳ ಕೋವಿ ರಿಪೇರಿಯವರೇ ಅದನ್ನು ತೆಗೆಯಲಿ.

ಎರಡನೆಯದಾಗಿ, ಹಳೆಯ ಹನ್ನೆರಡು ಬೋರಿನ ಜೋಡುನಳಿಗೆ ಇರುವವರು ನಳಿಗೆಯ ಮೈಯನ್ನು ಬೆಳಕಿಗೆ ಹಿಡಿದು ನೋಡಿ. ಹೆಣೆದ ಜಡೆಯಂತಹ ಸುರುಳಿ ಚಿತ್ತಾರ ಕಂಡರೆ ಅದು ಡಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದು ಮಾಡಿದ್ದು. ನೋಡಲು ಅತಿ ಸುಂದರ, ಆದರೆ ಅನೇಕವನ್ನು ಕರಿಮದ್ದಿಗೆ ಮಾತ್ರವೇ ಪರೀಕ್ಷಿಸಲಾಗಿತ್ತು. ಈಗ ಅಂಗಡಿಯಲ್ಲಿ ಸಿಗುವ ತೋಟಾಗಳು ಹೊಗೆಯಿಲ್ಲದ ಮದ್ದಿನವು. ನಳಿಗೆಯ ಕೆಳಗೆ "ನೈಟ್ರೋ ಪ್ರೂಫ್" ಎಂಬ ಮುದ್ರೆಯಿಲ್ಲದ ಕೋವಿಗೆ ಅವನ್ನು ಹಾಕಲೇಬಾರದು. ಮುದ್ರೆಯಿದ್ದರೂ ನೂರು ವರ್ಷದ ತುಕ್ಕಿನ ನಂತರ ತಜ್ಞರಿಗೆ ತೋರಿಸದೆ ಹಾಕಬಾರದು.

ಮೂರನೆಯದು ಕಾನೂನು. 1959ರ ಆಯುಧ ಕಾಯಿದೆಯ 45ನೆಯ ಕಲಮು ಹಳೆಯ ಮಾದರಿಯ ಆಯುಧಕ್ಕೆ ವಿನಾಯಿತಿ ಕೊಡುತ್ತದೆಯೆಂದು ಹಲವರು ಕೇಳಿರಬಹುದು. ಆದರೆ ಆ ವಿನಾಯಿತಿ ರಿಪೇರಿ ಮಾಡಿದರೂ ಮಾಡದಿದ್ದರೂ ಕೋವಿಯಾಗಿ ಬಳಸಲು ಬಾರದ ವಸ್ತುವಿಗೆ ಮಾತ್ರ. ಈಡು ಹೊಡೆಯಬಲ್ಲ ಕೋವಿ ಎಷ್ಟೇ ಹಳೆಯದಾದರೂ ಅದಕ್ಕೆ ಲೈಸೆನ್ಸ್ ಬೇಕು. ರಿಪೇರಿ ಮಾಡುವವನಿಗೂ ಅದೇ ಕಾಯಿದೆಯಂತೆ ಪ್ರತ್ಯೇಕ ಲೈಸೆನ್ಸ್ ಬೇಕು. ಊರ ಕಮ್ಮಾರನ ಕೈಯಲ್ಲಿ ನಳಿಗೆ ಕತ್ತರಿಸಿ ಮೋಟು ಮಾಡಿಸುವುದು, ಮನೆಯಲ್ಲಿ ಮದ್ದು ಅರೆಯುವುದು ಇವೆಲ್ಲ ಅಪರಾಧಗಳು. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲ, ಪಿತ್ರಾರ್ಜಿತವೂ ಈ ಲೆಕ್ಕದಲ್ಲೇ ಸೇರುತ್ತದೆ. ಲೈಸೆನ್ಸಿನ ಅವಧಿ ಅದೇ ತಿದ್ದುಪಡಿಯಿಂದ ಮೂರರಿಂದ ಐದು ವರ್ಷಕ್ಕೇರಿದೆ.

ಕೊಡಗಿನ ಸದಸ್ಯರ ಸ್ಥಿತಿ ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಷ್ಟು ಹಿಂದಿನಿಂದಲೂ ವಿನಾಯಿತಿ ನಡೆದು ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಕೈಲ್ ಮುಹೂರ್ತದಲ್ಲಿ ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸುವ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸಂಪ್ರದಾಯವಿರುವಲ್ಲಿ ಕೋವಿಯು ಆಯುಧಕ್ಕಿಂತ ಮನೆಯ ಸದಸ್ಯನೆಂಬುದು ತಿಳಿದ ವಿಷಯವೇ. ಆದರೂ ವಿನಾಯಿತಿಗೆ ಷರತ್ತುಗಳಿವೆ, ವಿನಾಯಿತಿ ಪತ್ರವನ್ನು ಸರಿಯಾಗಿ ಇಟ್ಟುಕೊಳ್ಳಬೇಕು.

ನಾಲ್ಕನೆಯದು ವಾರಸು. ಲೈಸೆನ್ಸುದಾರರು ತೀರಿಕೊಂಡ ದಿನದಿಂದ ಆ ಕೋವಿ ಮನೆಯಲ್ಲಿರುವುದು ಕಾನೂನುಬಾಹಿರವಾಗುತ್ತದೆ. ವಿಳಂಬ ಮಾಡದೆ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸುಳ್ಳ ವ್ಯಾಪಾರಿಯಲ್ಲಿ ಠೇವಣಿಯಿಟ್ಟು ರಸೀತಿ ಪಡೆದು, ವಾರಸುದಾರರಲ್ಲಿ ಒಬ್ಬರು ಉಳಿದವರ ಒಪ್ಪಿಗೆಯೊಡನೆ ಅರ್ಜಿ ಹಾಕಬೇಕು. ಅಷ್ಟರವರೆಗೆ ಕಾಯಬೇಕಾಗಿಯೂ ಇಲ್ಲ. 2016ರ ಆಯುಧ ನಿಯಮಗಳಂತೆ ಲೈಸೆನ್ಸುದಾರರಿಗೆ 70 ವರ್ಷ ತುಂಬಿದಾಗ ಅಥವಾ ಕೋವಿ 25 ವರ್ಷ ಅವರಲ್ಲಿದ್ದಾಗ, ಯಾವುದು ಮೊದಲೋ ಆಗ, ತಾವೇ ಒಬ್ಬ ವಾರಸುದಾರರನ್ನು ಸೂಚಿಸಬಹುದು. ಎಪ್ಪತ್ತು ದಾಟಿದ ನಮ್ಮ ಅನೇಕ ಸದಸ್ಯರಿಗೆ ಇದು ತಿಳಿದಿಲ್ಲ. ಮಕ್ಕಳು ಬೆಂಗಳೂರಿನಲ್ಲೋ ಪರದೇಶದಲ್ಲೋ ಇರುವಾಗ ಹಿರಿಯರ ನಂತರ ಕೋವಿ ಠಾಣೆಯ ಉಗ್ರಾಣ ಸೇರಿ, ಯಾರೂ ಕೇಳದೆ, ತುಕ್ಕು ಹಿಡಿದು ಕೊನೆಗೊಳ್ಳುವುದನ್ನು ತಪ್ಪಿಸಲು ಇದೊಂದೇ ದಾರಿ.

ಚುನಾವಣೆ ಕಾಲದ ಠೇವಣಿಗೂ ಒಂದು ಮಾತು. ಒಪ್ಪಿಸುವ ಮುನ್ನ ನಳಿಗೆಯ ಒಳಹೊರಗೆ ದಪ್ಪವಾಗಿ ಎಣ್ಣೆ ಹಚ್ಚಿ, ಕೋವಿಯ ನಂಬರನ್ನೂ ಮರಲೋಹಗಳ ಸ್ಥಿತಿಯನ್ನೂ ರಸೀತಿಯಲ್ಲಿ ಬರೆಸಿ, ಒಂದು ಭಾವಚಿತ್ರ ತೆಗೆದಿಟ್ಟುಕೊಳ್ಳಿ. ಹಿಂದಕ್ಕೆ ತಂದ ದಿನವೇ ಬಿಚ್ಚಿ ಒರೆಸಿ.

ಐದನೆಯದಾಗಿ, ಲೈಸೆನ್ಸ್ ಇದ್ದ ಮಾತ್ರಕ್ಕೆ ಪ್ರಾಣಿಗೆ ಹೊಡೆಯುವ ಹಕ್ಕು ಬರುವುದಿಲ್ಲ. 1972ರ ವನ್ಯಜೀವಿ ಕಾಯಿದೆಯಂತೆ ಅರಣ್ಯ ಇಲಾಖೆಯ ಲಿಖಿತ ಆಜ್ಞೆಯಿಲ್ಲದೆ ಬೆಳೆ ತಿನ್ನುವ ಕಾಡುಹಂದಿಗೂ ಗುಂಡು ಹೊಡೆಯುವಂತಿಲ್ಲ. ಬೇಲಿಯ ದಾರಿಗೆ ಕೋವಿ ಕಟ್ಟಿ ತಂತಿ ಎಳೆದಿಡುವ ಪದ್ಧತಿಯಂತೂ ಪಾಪವೂ ಹೌದು, ಅಪರಾಧವೂ ಹೌದು. ಅದಕ್ಕೆ ಹಂದಿಗಿಂತ ಮೊದಲು ಮುಂಜಾನೆ ಸೌದೆಗೆ ಹೋದ ಕೂಲಿಯ ಕಾಲು ಬಲಿಯಾದೀತು.

ಕಡೆಯದಾಗಿ, ಹಳೆಯ ಕೋವಿ ಹುಡುಕಿಕೊಂಡು ಪೇಟೆಯಿಂದ ಬರುವ ವ್ಯಾಪಾರಿಗಳ ವಿಷಯ. ನೂರು ವರ್ಷ ದಾಟಿದ ವಸ್ತು 1972ರ ಪ್ರಾಚ್ಯವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತದೆ, ಅದನ್ನು ಖಾಸಗಿಯಾಗಿ ಪರದೇಶಕ್ಕೆ ಸಾಗಿಸುವಂತಿಲ್ಲ. ಲೈಸೆನ್ಸಿಲ್ಲದವನಿಗೆ ಕೋವಿ ಕೊಟ್ಟರೆ ಕೊಟ್ಟವನೂ ಅಪರಾಧಿ. ಮಾರುವುದಿದ್ದರೆ ಲೈಸೆನ್ಸುಳ್ಳವರಿಗೆ, ಕಾಗದಪತ್ರದ ಮೂಲಕವೇ ಮಾರಬೇಕು.

ಕಠ್ಮಂಡುವಿನಲ್ಲಿ ಮಣ್ಣಾಗುತ್ತಿದ್ದ ಕೋವಿಗಳು ಇಂದು ಗುರಿ ಹೊಡೆಯುತ್ತಿವೆಯೆಂದರೆ ಅದಕ್ಕೆ ಬೇಕಾದದ್ದು ಬಿಸಿನೀರು, ಎಣ್ಣೆ, ತಾಳ್ಮೆ ಮತ್ತು ತಿಳಿದವರ ಮಾತು ಕೇಳುವ ಬುದ್ಧಿ. ಇವು ನಾಲ್ಕೂ ನಮ್ಮಲ್ಲಿ ದುರ್ಲಭವಲ್ಲ. ಈ ಮಳೆಗಾಲ ಹಿಡಿಯುವ ಮುನ್ನ ಸದಸ್ಯ ಬಾಂಧವರು ಗೂಟದಿಂದ ಕೋವಿ ಇಳಿಸಿ, ಮೊದಲು ಗಜ ಹಾಕಿ ನೋಡಿ, ಆಮೇಲೆ ಲೈಸೆನ್ಸ್ ಪುಸ್ತಕದ ತಾರೀಖನ್ನು ನೋಡಲಿ. ವಾರಸು ಅರ್ಜಿಯ ನಮೂನೆಯನ್ನು ತುಂಬುವಲ್ಲಿ ತೊಡಕಾದವರು ಸಂಘದ ಕಛೇರಿಗೆ ಬಂದರೆ ಸಹಾಯ ಮಾಡಲಾಗುವುದು. ಕೋವಿಯನ್ನು ಮಾತ್ರ ಕಛೇರಿಗೆ ತರಬೇಡಿ, ಕಾಗದಗಳು ಸಾಕು.